ಸಂಗಾರೆಡ್ಡಿಯ ಸಿಹಿಜೋಳ: ಒಂದು ಎಥೆನಾಲ್ ಕಾರ್ಖಾನೆ ಮತ್ತು ಬೆರಳೆಣಿಕೆಯ ತಳಿಗಳು

2007ರ ಜೂನ್‌ನಲ್ಲಿ, ಅಂದಿನ ಆಂಧ್ರಪ್ರದೇಶದ ಮೆದಕ್ ಜಿಲ್ಲೆಯ ಸಂಗಾರೆಡ್ಡಿ ಸಮೀಪ ರುಸ್ನಿ ಡಿಸ್ಟಿಲರೀಸ್ ಎಂಬ ಕಾರ್ಖಾನೆ ಸಿಹಿಜೋಳದ ದಂಟಿನ ರಸದಿಂದ ಎಥೆನಾಲ್ ತಯಾರಿಸಲು ತೊಡಗಿತು. ದಿನಕ್ಕೆ 40 ಸಾವಿರ ಲೀಟರ್ ಸಾಮರ್ಥ್ಯದ ಘಟಕ. ತಳಿ ಮತ್ತು ತಾಂತ್ರಿಕ ಬೆಂಬಲ ಪಟಾಂಚೆರುವಿನಲ್ಲಿರುವ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನದು. ಬೀದರ್ ಕಡೆಯಿಂದ ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವವರಿಗೆ ಈ ಎರಡೂ ಊರು ಪರಿಚಿತ. ವಾಣಿಜ್ಯ ಮಟ್ಟದಲ್ಲಿ ಸಿಹಿಜೋಳದಿಂದ ಎಥೆನಾಲ್ ತೆಗೆಯುವ ಜಗತ್ತಿನ ಮೊದಲ ಕಾರ್ಖಾನೆ ಇದೇ ಎಂದು ಆಗ ದೊಡ್ಡ ಸುದ್ದಿಯಾಯಿತು. ಮಳೆಯಾಶ್ರಿತ ರೈತ ತೆನೆಯನ್ನು ಮನೆಗೆ ಒಯ್ಯುತ್ತಾನೆ, ದಂಟನ್ನು ಕಾರ್ಖಾನೆಗೆ ಮಾರುತ್ತಾನೆ, ರಸ ಹಿಂಡಿದ ಸಿಪ್ಪೆ ದನದ ಮೇವಾಗುತ್ತದೆ. ಅನ್ನ ಕೊಡುವ ನೆಲವನ್ನು ಇಂಧನ ಕಸಿದುಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಒಣಭೂಮಿಯಲ್ಲಿ ಇಂದಿಗೂ ನನಗೆ ಕಂಡಿಲ್ಲ.

ಆದರೆ ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಬೀದರ್‌ನ ಆಚೆ ಮಗ್ಗುಲಿನ ನಾಂದೇಡದಲ್ಲಿ ಟಾಟಾ ಕೆಮಿಕಲ್ಸ್ ಇದೇ ಬೆಳೆಯನ್ನು ನಂಬಿ ಕಟ್ಟಿದ ದಿನಕ್ಕೆ 30 ಸಾವಿರ ಲೀಟರ್ ಸಾಮರ್ಥ್ಯದ ಘಟಕವೂ ಉಳಿಯಲಿಲ್ಲ. ಎಥೆನಾಲ್‌ಗೆ ಸರ್ಕಾರ ಕೊಟ್ಟ ದರ ಕಡಿಮೆಯಿತ್ತು, ದಂಟು ಕಡಿಯಲು ಆಳು ಸಿಗಲಿಲ್ಲ, ಕಾಕಂಬಿ ಅಗ್ಗವಾಗಿತ್ತು, ಕಚ್ಚಾಮಾಲು ಸಾಕಷ್ಟು ಬರಲಿಲ್ಲ ಎಂಬ ಕಾರಣಗಳನ್ನು ಎಲ್ಲರೂ ಕೊಡುತ್ತಾರೆ. ಎಲ್ಲವೂ ನಿಜ. ಆದರೆ ಕಚ್ಚಾಮಾಲು ಏಕೆ ಸಾಲಲಿಲ್ಲ ಎಂಬ ಪ್ರಶ್ನೆಯನ್ನು ಬೆಲೆ ಮತ್ತು ಆಳಿನ ಮಾತಿಗೇ ನಿಲ್ಲಿಸಿಬಿಡುತ್ತೇವೆ. ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಅಲ್ಲಿ ಇರುವುದು ಬೀಜ. ಅಂದು ರೈತರ ಕೈಗೆ ಕೊಡಲು ಇದ್ದ ತಳಿಗಳು ಬೆರಳೆಣಿಕೆಯಷ್ಟು, ಅವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮಾಗುವಂಥವು. ಈ ಪ್ರಕರಣವನ್ನು ನಾನು ಓದುವುದು ಆ ಕಡೆಯಿಂದ.

ಕಾರ್ಖಾನೆಯ ಹಸಿವು

ಲೆಕ್ಕ ಸರಳ. ಒಂದು ಟನ್ ಸಿಹಿಜೋಳದ ದಂಟಿನಿಂದ ಸಾಮಾನ್ಯವಾಗಿ 40 ಲೀಟರ್ ಎಥೆನಾಲ್ ಎಂದು ಹಿಡಿಯುತ್ತಾರೆ. 40 ಸಾವಿರ ಲೀಟರ್ ಬೇಕೆಂದರೆ ದಿನಕ್ಕೆ ಸಾವಿರ ಟನ್ ದಂಟು. ಎಕರೆಗೆ 15 ಟನ್ ಹಸಿ ದಂಟು ಬಂದರೆ ದಿನವೂ 66 ಎಕರೆ ಕಟಾವಾಗಬೇಕು. ನೂರು ದಿನ ಗಾಣ ತಿರುಗಬೇಕಾದರೆ 6,600 ಎಕರೆ. ಅಷ್ಟು ಎಕರೆ ಆ ಭಾಗದಲ್ಲಿ ಸಿಗದ್ದೇನಲ್ಲ. ಕಷ್ಟವಿರುವುದು ಆ 66 ಎಕರೆ ಇವತ್ತು, ಇನ್ನೊಂದು 66 ಎಕರೆ ನಾಳೆ, ಮತ್ತೊಂದು ನಾಡಿದ್ದು ಎಂದು ಸರದಿಯಲ್ಲಿ ಮಾಗಬೇಕು ಎಂಬಲ್ಲಿ.

ಕಡಿದು ಗುಡ್ಡೆ ಹಾಕಿಟ್ಟುಕೊಂಡು ನಿಧಾನವಾಗಿ ಅರೆಯೋಣ ಎಂದರೆ ಆಗದು. ದಂಟಿನೊಳಗಿನ ಸಕ್ಕರೆಯಲ್ಲಿ ಹೆಚ್ಚಿನದು ಸುಕ್ರೋಸ್; ಜೊತೆಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಕಡಿದ ಹೊತ್ತಿನಿಂದಲೇ ಸುಕ್ರೋಸ್ ಒಡೆಯಲು ಶುರು. ಬಿಸಿಲಿಗೆ ಬಿದ್ದ ದಂಟು ತೂಕವನ್ನೂ ಕಳೆದುಕೊಳ್ಳುತ್ತದೆ, ಕಡಿದ ತುದಿಯಿಂದ ಹುಳಿಯೂ ಏರುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಸೇರಬೇಕು. ಎರಡನೇ ದಿನ ದಾಟಿದರೆ ಟನ್ನಿಗೆ 40 ಲೀಟರ್ ಎಂಬ ಲೆಕ್ಕವೇ ಕೆಡುತ್ತದೆ. ಕಬ್ಬಿಗೂ ಇದೇ ತೊಂದರೆ ಇದೆಯಲ್ಲ ಎನ್ನಬಹುದು. ಆದರೆ ಕಬ್ಬು ಹೊಲದಲ್ಲಿ ನಿಂತು ಕಾಯುತ್ತದೆ, ನಾಲ್ಕು ವಾರ ತಡವಾದರೆ ರೈತ ಬೈದುಕೊಂಡಾದರೂ ತಡೆದುಕೊಳ್ಳುತ್ತಾನೆ. ಜೋಳ ಕಾಯುವುದಿಲ್ಲ. ಹೂ ಬಿಟ್ಟ ಮೇಲೆ ದಂಟಿನಲ್ಲಿ ಸಕ್ಕರೆ ಕೂಡುತ್ತಾ ಹೋಗಿ, ಕಾಳು ಗಟ್ಟಿಯಾಗಿ ಮಾಗುವ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ದಂಟು ಒಣಗುತ್ತದೆ, ಇಲ್ಲವೇ ಹಿಂಗಾರು ಗಾಳಿಮಳೆಗೆ ಮಲಗುತ್ತದೆ. ಮಳೆ ಬಿದ್ದ ವಾರ ರಸ ತೆಳ್ಳಗಾಗಿ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, ಇಳಿಯುತ್ತದೆ. ಒಂದು ತಳಿಗೆ ಸಿಗುವ ಒಳ್ಳೆಯ ಕಟಾವಿನ ಅವಧಿ ಎರಡು ಮೂರು ವಾರ, ಹೆಚ್ಚೆಂದರೆ.

ಮಳೆಯಾಶ್ರಿತ ಸೀಮೆಯಲ್ಲಿ ಬಿತ್ತನೆಯ ದಿನ ಗೊತ್ತುಮಾಡುವುದು ಮೋಡ. ಜೂನ್ ಕೊನೆಗೋ ಜುಲೈ ಮೊದಲಿಗೋ ಹದ ಮಳೆ ಬಿದ್ದರೆ ಹದಿನೈದು ದಿನದೊಳಗೆ ಊರಿಗೆ ಊರೇ ಕೂರಿಗೆ ಹೂಡುತ್ತದೆ. ಸರಿಸುಮಾರು ನಾಲ್ಕು ತಿಂಗಳಿಗೆ ಮಾಗುವ ತಳಿಯಾದರೆ ಅಕ್ಟೋಬರ್ ಕೊನೆಯಲ್ಲಿ ಎಲ್ಲರ ದಂಟೂ ಒಟ್ಟಿಗೆ ಸಿದ್ಧ. ಮೂರು ವಾರ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್‌ಗಳ ಸಾಲು, ಉಳಿದ ದಿನ ಗಾಣ ಖಾಲಿ. ಸಾಲದ ಬಡ್ಡಿ ಮಾತ್ರ ವರ್ಷದ 365 ದಿನವೂ ಓಡುತ್ತದೆ. ರುಸ್ನಿಯಲ್ಲಿ ಕಾಳಿನಿಂದಲೂ ಸ್ಪಿರಿಟ್ ತೆಗೆಯುವ ವ್ಯವಸ್ಥೆ ಇಟ್ಟುಕೊಂಡಿದ್ದರ ಹಿಂದೆ ಈ ಭಯ ಇದ್ದೇ ಇತ್ತು.

ತಡವಾಗಿ ಬಿತ್ತಿದರೆ?

ಸರದಿ ಬಿತ್ತನೆ ಮಾಡಿಸಿದರಾಯಿತು ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಹೊಲದಲ್ಲಿ ಎರಡು ಅಡ್ಡಿಗಳಿವೆ. ಮೊದಲನೆಯದು ಸುಳಿ ನೊಣ. ಮುಂಗಾರಿನಲ್ಲಿ ಬಿತ್ತನೆ ತಡವಾದಷ್ಟೂ ಅದರ ಕಾಟ ಹೆಚ್ಚು. ಮೊಳೆತ ಎರಡು ಮೂರು ವಾರದ ಸಸಿಯ ಸುಳಿ ಒಣಗಿ, ಎಳೆದರೆ ಕೈಗೇ ಬರುತ್ತದೆ. ಜೋಳ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಎರಡನೆಯದು ಗಿಡದೊಳಗೇ ಇರುವ ಗಡಿಯಾರ. ಜೋಳ ಮೂಲತಃ ಹಗಲು ಕುಗ್ಗಿದಾಗ ಹೂ ಬಿಡುವ ಬೆಳೆ. ಹಗಲಿನ ಉದ್ದವನ್ನು ಅಳೆದು ಹೂವಿನ ಕಾಲ ನಿಶ್ಚಯಿಸುವ ಜೀನ್‌ಗಳ ಗುಂಪೊಂದಿದೆ. ಎಂಎ1ರಿಂದ ಎಂಎ6ರವರೆಗೆ ಅವಕ್ಕೆ ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚು ಪ್ರಭಾವ ಎಂಎ1ನದು. ಅದು ಯಾವ ಜೀನ್ ಎಂಬುದು 2011ರಲ್ಲಿ ಖಚಿತವಾಯಿತು. ಈ ಜೀನ್‌ಗಳು ಚುರುಕಾಗಿರುವ ತಳಿಯನ್ನು ಮೂರು ವಾರ ತಡವಾಗಿ ಬಿತ್ತಿದರೂ ಹೂವು ಮೂರು ವಾರ ಮುಂದೆ ಹೋಗುವುದಿಲ್ಲ. ಮೊದಲು ಬಿತ್ತಿದ ಹೊಲದ ಹಿಂದೆಯೇ ಇದೂ ತೆನೆ ಹಾಕುತ್ತದೆ. ಬೆಳೆಯಲು ಸಿಕ್ಕ ದಿನ ಕಡಿಮೆಯಾದ್ದರಿಂದ ದಂಟು ಗಿಡ್ಡ, ತೂಕ ಕಡಿಮೆ. ಅಂದರೆ ರೈತನಿಗೆ ನಷ್ಟ, ಕಾರ್ಖಾನೆಗೆ ಹೆಚ್ಚಿನ ದಿನಗಳೂ ಸಿಗಲಿಲ್ಲ. ಹಿಂಗಾರಿಯಲ್ಲಿ ಬಿತ್ತೋಣವೆಂದರೆ ಚಳಿ ಮತ್ತು ಚಿಕ್ಕ ಹಗಲು ಸೇರಿ ದಂಟಿನ ಇಳುವರಿಯನ್ನೂ ಸಕ್ಕರೆಯನ್ನೂ ಇಳಿಸುತ್ತವೆ.

ಹಾಗಾಗಿ ಬಿತ್ತನೆಯ ದಿನ ಒಂದೇ ಇರಲಿ, ಮಾಗುವ ದಿನ ಬೇರೆಬೇರೆ ಇರಲಿ ಎಂಬ ದಾರಿಯೊಂದೇ ಉಳಿಯುತ್ತದೆ. ಒಂದೇ ವಾರ ಬಿತ್ತಿದ ಹೊಲಗಳಲ್ಲಿ ಕೆಲವು ಮೂರು ತಿಂಗಳಿಗೆ, ಕೆಲವು ಮೂರೂವರೆ, ಕೆಲವು ನಾಲ್ಕು, ಕೆಲವು ಐದು ತಿಂಗಳಿಗೆ ಮಾಗಬೇಕು. ಎಲ್ಲದರಲ್ಲೂ ಸಿಹಿ ಇರಬೇಕು, ರಸ ಇರಬೇಕು, ದಂಟು ಎತ್ತರ ಬರಬೇಕು. ಇದು ಪೂರ್ತಿ ತಳಿಶಾಸ್ತ್ರದ ಕೆಲಸ. ಎಥೆನಾಲ್ ಬೆಳೆಗೆ ವಂಶವೈವಿಧ್ಯ ಏಕೆ ಬೇಕು ಎಂದು ಕೇಳುವವರಿಗೆ ರೋಗನಿರೋಧಕ, ಹವಾಮಾನ ಎಂದೆಲ್ಲ ಉತ್ತರಿಸುವುದುಂಟು. ನನ್ನ ಮೊದಲ ಉತ್ತರ ಗಾಣ ತಿರುಗುವ ದಿನಗಳು.

ಅಂದು ಕೈಯಲ್ಲಿದ್ದ ಬೀಜ

2007ರ ಹೊತ್ತಿಗೆ ಭಾರತದಲ್ಲಿ ಬಿಡುಗಡೆಯಾಗಿದ್ದ ಸಿಹಿಜೋಳದ ಪಟ್ಟಿ ಚಿಕ್ಕದು. ಮಹಾರಾಷ್ಟ್ರದ ರಾಹುರಿಯಿಂದ 1990ರ ದಶಕದ ಆರಂಭದಲ್ಲಿ ಬಂದ ಎಸ್‌ಎಸ್‌ವಿ 84. 2005ರ ಸುಮಾರಿಗೆ ಸಿಎಸ್‌ವಿ 19 ಎಸ್‌ಎಸ್. ಅದೇ ಸುಮಾರಿಗೆ ಹೈದರಾಬಾದಿನ ರಾಷ್ಟ್ರೀಯ ಜೋಳ ಸಂಶೋಧನಾ ಕೇಂದ್ರದಿಂದ ದೇಶದ ಮೊದಲ ಸಿಹಿಜೋಳ ಹೈಬ್ರಿಡ್, ಸಿಎಸ್‌ಎಚ್ 22 ಎಸ್‌ಎಸ್. ಇವುಗಳ ಜೊತೆಗೆ ಇಕ್ರಿಸ್ಯಾಟ್‌ನ ಐಸಿಎಸ್‌ವಿ 93046ರಂಥ ಕೆಲವು ಸಾಲುಗಳು, ಫಲಟಣದ ನಿಂಬಕರ್ ಸಂಸ್ಥೆ ತನ್ನಷ್ಟಕ್ಕೆ ಬೆಳೆಸಿಕೊಂಡು ಬಂದ ಮಧುರಾ.

ಇದರಲ್ಲಿ ಸಿಎಸ್‌ಎಚ್ 22 ಎಸ್‌ಎಸ್‌ನ ತಂದೆತಾಯಿಯನ್ನು ನೋಡಿ. ತಾಯಿ ಐಸಿಎಸ್‌ಎ 38, ತಂದೆ ಎಸ್‌ಎಸ್‌ವಿ 84. ಅಂದರೆ ಹೊಸ ಹೈಬ್ರಿಡ್‌ನ ಅರ್ಧ ರಕ್ತ ಹಳೆಯ ತಳಿಯದೇ. ಇನ್ನರ್ಧ ಕಾಳಿನ ಜೋಳಕ್ಕೆಂದು ರೂಪಿಸಿದ ಗಂಡುಬಂಜೆ ಸಾಲಿನದು, ಅಂದರೆ ತನ್ನ ಪರಾಗ ಫಲಿಸದ, ಹೈಬ್ರಿಡ್‌ಗೆ ತಾಯಿಯಾಗಿ ಬಳಸುವ ಸಾಲಿನದು. ತಳಿ ಮಾಡಿದವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಕೈಯಲ್ಲಿ ಇದ್ದದ್ದು ಅಷ್ಟೇ, ಅದರಿಂದ ಅವರು ಒಳ್ಳೆಯ ಹೈಬ್ರಿಡ್ ಕೊಟ್ಟರು. ಆದರೆ ಇಡೀ ಒಂದು ಉದ್ಯಮ ಇಷ್ಟು ಕಿರಿದಾದ ಬುಡದ ಮೇಲೆ ನಿಂತಿತ್ತು ಎಂಬುದನ್ನು ಆಗ ಯೋಜನಾ ವರದಿಗಳು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಎಲೆಯ ನಡುನರ

ತಾಯಿ ಸಾಲು ಕಾಳಿನ ಜೋಳದ್ದಾದರೆ ಏನು ತೊಂದರೆ ಎಂಬುದು ಹೊಲದಲ್ಲೇ ಕಾಣುತ್ತದೆ. ತೆನೆ ಹೊರಬಂದ ಗಿಡದ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನಡುನರ ನೋಡಿ. ಕೆಲವು ಗಿಡಗಳಲ್ಲಿ ಅದು ಸುಣ್ಣ ಬಳಿದ ಹಾಗೆ ಬಿಳಿ. ಆ ದಂಟನ್ನು ಮುರಿದರೆ ಒಳಗೆಲ್ಲ ಬೆಂಡು. ಹಿಂಡಿದರೆ ಬೆರಳು ಒದ್ದೆಯಾದರೆ ಹೆಚ್ಚು. ಇನ್ನು ಕೆಲವು ಗಿಡಗಳಲ್ಲಿ ನಡುನರ ಎಲೆಯ ಬಣ್ಣಕ್ಕೇ ಹತ್ತಿರ, ಮಂಕು ಹಸಿರು. ಅದರ ನಡುಗಿಣ್ಣಿನ ತುಂಡನ್ನು ಇಕ್ಕಳದಲ್ಲಿ ಒತ್ತಿದರೆ ರಸ ತೊಟ್ಟಿಕ್ಕುತ್ತದೆ. ಒಂದು ಹನಿಯನ್ನು ಬ್ರಿಕ್ಸ್ ಅಳೆಯುವ ಕೈ ರಿಫ್ರಾಕ್ಟೋಮೀಟರಿನ ಗಾಜಿನ ಮೇಲಿಟ್ಟು ಕಣ್ಣಿಗೆ ಹಿಡಿದರೆ ನೀಲಿ ಗೆರೆ 16ರ ಮೇಲೋ 18ರ ಮೇಲೋ ನಿಂತಿರುತ್ತದೆ. ಗಾಳಿಯ ಬೆಂಡಿಗೂ ನೀರಿನ ದಂಟಿಗೂ ಇರುವ ವ್ಯತ್ಯಾಸದಿಂದಲೇ ನಡುನರ ಹಾಗೆ ಕಾಣುತ್ತದೆ. ನೂರು ವರ್ಷದಿಂದ ತಳಿಗಾರರು ಈ ಗುರುತನ್ನು ಬಳಸುತ್ತಿದ್ದರೂ ಅದರ ಹಿಂದಿನ ಜೀನ್ ಪತ್ತೆಯಾದದ್ದು 2018ರಲ್ಲಿ. ಆರನೇ ವರ್ಣತಂತುವಿನ ಮೇಲಿನ ಅದಕ್ಕೆ ಡ್ರೈ ಎಂದೇ ಹೆಸರು. ಅದು ಕೆಲಸ ಮಾಡಿದರೆ ದಂಟಿನ ಕೋಶಗಳು ಸತ್ತು ಬೆಂಡಾಗುತ್ತವೆ. ಕೆಟ್ಟಿದ್ದರೆ ಕೋಶಗಳು ಜೀವಂತವಿದ್ದು ರಸ ಹಿಡಿದಿಟ್ಟುಕೊಳ್ಳುತ್ತವೆ.

ಇಲ್ಲಿ ಬೆಂಡಿನ ಗುಣ ಪ್ರಬಲ, ರಸದ ಗುಣ ದುರ್ಬಲ. ತಂದೆ ಎಷ್ಟೇ ರಸಭರಿತವಾಗಿರಲಿ, ತಾಯಿಯಿಂದ ಬೆಂಡಿನ ಜೀನ್ ಒಂದು ಬಂದರೆ ಸಾಕು, ಹೈಬ್ರಿಡ್ ಬೆಂಡಾಗುತ್ತದೆ. ಎತ್ತರದ ವಿಷಯದಲ್ಲಿ ಹೀಗಿಲ್ಲ. ಗಿಡ್ಡ ತಾಯಿಗೆ ಎತ್ತರದ ತಂದೆಯನ್ನು ಕೂಡಿಸಿದರೆ ಮಗು ಎತ್ತರವೇ, ಬೀಜೋತ್ಪಾದನೆಗೆ ಗಿಡ್ಡ ತಾಯಿ ಅನುಕೂಲವೂ ಹೌದು. ಬ್ರಿಕ್ಸ್ ಇವೆರಡರ ನಡುವೆ. ತಾಯಿಯದ್ದಷ್ಟು ತಂದೆಯದ್ದಷ್ಟು ಕೂಡಿ ನಡುವೆಲ್ಲೋ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ಸಿಹಿಜೋಳ ಹೈಬ್ರಿಡ್ ಬೇಕೆಂದರೆ ತಾಯಿಯೂ ರಸವತ್ತಾಗಿರಬೇಕು, ಸಿಹಿಯಾಗಿರಬೇಕು. ಜಗತ್ತಿನ ಗಂಡುಬಂಜೆ ಸಾಲುಗಳಲ್ಲಿ ಬಹುಪಾಲು ಕಾಳಿಗಾಗಿ ಬೆಳೆಸಿದವು. ಅವುಗಳನ್ನು ಆಯ್ದವರು ದಂಟಿನ ರುಚಿ ನೋಡಿರಲಿಲ್ಲ. ಇಕ್ರಿಸ್ಯಾಟ್‌ನಲ್ಲಿ ಬೇಲಂ ರೆಡ್ಡಿ ಮತ್ತು ಸಂಗಡಿಗರು ತಾಯಿ ಸಾಲುಗಳನ್ನೇ ಬ್ರಿಕ್ಸ್ ನೋಡಿ ಆರಿಸುವ ಕೆಲಸಕ್ಕೆ ಇಳಿದದ್ದು ಈ ಕಾರಣಕ್ಕೆ. ಆದರೆ ಹೊಸ ತಾಯಿ ಸಾಲನ್ನು ಸ್ಥಿರಗೊಳಿಸಲು ಏಳೆಂಟು ತಲೆಮಾರು ಬೇಕು. ಕಟ್ಟಿನಿಂತ ಕಾರ್ಖಾನೆ ಅಷ್ಟು ವರ್ಷ ಕಾಯಲಾರದು.

ವೈವಿಧ್ಯ ಇರುವುದು ಎಲ್ಲಿ

ವಿಚಿತ್ರವೆಂದರೆ ಸಂಗಾರೆಡ್ಡಿಯಿಂದ ಒಂದು ಗಂಟೆಯ ದಾರಿಯೂ ಇಲ್ಲದ ಪಟಾಂಚೆರುವಿನ ಜೀನ್ ಬ್ಯಾಂಕಿನಲ್ಲಿ ಸುಮಾರು 40 ಸಾವಿರ ಜೋಳದ ಮಾದರಿಗಳು ತಣ್ಣಗೆ ಕೂತಿವೆ. ಇಷ್ಟನ್ನೂ ಬಿತ್ತಿ ರಸ ಹಿಂಡಿ ನೋಡುವುದು ಆಗದ ಮಾತೆಂದು ಅದರ ಸಾರ ಹಿಡಿದ 242 ಮಾದರಿಗಳ ಕಿರುಸಂಗ್ರಹವನ್ನು 2009ರಲ್ಲಿ ಸಿದ್ಧಪಡಿಸಿದರು. ಅದನ್ನು ಬಿತ್ತಿ ಬ್ರಿಕ್ಸ್ ಅಳೆದಾಗ, ಸಿಹಿಜೋಳವೆಂದು ಯಾರೂ ಹೆಸರಿಡದ ಮಾದರಿಗಳಲ್ಲೂ ಸಿಹಿ ಸಿಕ್ಕಿತು. ಅದೇ 2009ರಲ್ಲಿ ಜೋಳದ ಪೂರ್ತಿ ಜೀನೋಮ್ ಪ್ರಕಟವಾಯಿತು. ಹತ್ತು ಜೊತೆ ವರ್ಣತಂತು, ಸುಮಾರು 73 ಕೋಟಿ ಅಕ್ಷರಗಳು. ಕಬ್ಬಿನ ಗೋಜಲು ಜೀನೋಮಿನ ಎದುರು ಇದು ಬಹಳ ಹಗುರ. ರುಸ್ನಿಯ ಗಾಣ ತಿರುಗಿದ್ದು ಇದಕ್ಕೆ ಎರಡು ವರ್ಷ ಮೊದಲು.

ಸಿಹಿಜೋಳ ಒಂದೇ ಕುಲವಲ್ಲ. ಜೋಳ ಪಳಗಿದ್ದು ಆಫ್ರಿಕಾದಲ್ಲಿ. ಪೂರ್ವ ಸೂಡಾನಿನಲ್ಲಿ ಐದು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳ ಮೇಲೆ ಅದರ ಹೊಟ್ಟಿನ ಗುರುತು ಸಿಕ್ಕಿದೆ. ಅಲ್ಲಿಂದ ಹರಡುತ್ತಾ ಬೈಕಲರ್, ಗಿನಿ, ಕಾಡೇಟಮ್, ಕಾಫಿರ್, ದುರ್ರಾ ಎಂಬ ಐದು ಬಗೆಗಳಾಯಿತು. ನಮ್ಮ ವಿಜಯಪುರ, ಸೊಲ್ಲಾಪುರ ಸೀಮೆಯ ಮಾಲದಂಡಿ ದುರ್ರಾ ಬಗೆಯದು. ಸಿಹಿ ದಂಟು ಈ ಐದರಲ್ಲಿ ಒಂದಕ್ಕೆ ಮಾತ್ರ ಸೇರಿದ್ದಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ರೈತರು ಅದನ್ನು ಆರಿಸಿಕೊಂಡರು. ಅಮೆರಿಕದ ಸಿಹಿಜೋಳದ ಕಥೆಯೇ ಇದಕ್ಕೆ ಸಾಕ್ಷಿ. 1850ರ ದಶಕದಲ್ಲಿ ಅಲ್ಲಿಗೆ ಎರಡು ದಾರಿಯಿಂದ ಬೀಜ ಬಂತು. ಒಂದು ಚೀನಾದ ಚೊಂಗ್‌ಮಿಂಗ್ ದ್ವೀಪದಿಂದ ಫ್ರಾನ್ಸಿನ ಮೂಲಕ, ಇನ್ನೊಂದು ಲಿಯೊನಾರ್ಡ್ ರೇ ಎಂಬವರು ದಕ್ಷಿಣ ಆಫ್ರಿಕಾದ ನಟಾಲ್‌ನಿಂದ ಒಯ್ದ ಹದಿನಾರು ಬಗೆಗಳು. ಚೀನಾದ ಬೀಜ ಪ್ಯಾರಿಸ್ಸಿನಲ್ಲಿ ಮೊಳೆತದ್ದು ಒಂದೇ ಒಂದು ಎಂದು ಹೇಳುತ್ತಾರೆ! ಸುಮಾರು ನೂರು ವರ್ಷ ದಂಟಿನ ರಸ ಕಾಯಿಸಿ ಮಾಡುವ ಅಲ್ಲಿನ ಪಾಕದ ಉದ್ಯಮ ಈ ಚಿಕ್ಕ ಗಂಟಿನ ಮೇಲೆಯೇ ನಡೆಯಿತು. 1940ರ ದಶಕದಲ್ಲಿ ಆಫ್ರಿಕಾದಿಂದ ಹೊಸ ಸಂಗ್ರಹ ತಂದು, ಮಿಸಿಸಿಪಿಯ ಮೆರಿಡಿಯನ್ ಕೇಂದ್ರದಲ್ಲಿ ರಿಯೋ, ಕೆಲ್ಲರ್, ರೇ ಮೊದಲಾದ ತಳಿಗಳನ್ನು ಮಾಡಿದ ಮೇಲೆಯೇ ಬುಡ ಸ್ವಲ್ಪ ಅಗಲವಾಯಿತು. 2009ರಲ್ಲಿ 125 ಜೋಳಗಳ ಡಿಎನ್‌ಎ ಹೋಲಿಸಿದಾಗ ಸಿಹಿಜೋಳಗಳು ಮೂರು ಗುಂಪಾಗಿ ಬೇರ್ಪಟ್ಟವು. ಪಾಕಕ್ಕೆಂದು ಬೆಳೆದವು ಒಂದು, ಸಕ್ಕರೆ ಮತ್ತು ಇಂಧನಕ್ಕೆಂದು ಈಚೆಗೆ ಬಂದವು ಇನ್ನೊಂದು, ಆಂಬರ್ ಬಗೆಯವು ಮೂರನೆಯದು.

ತಳಿಗಾರನಿಗೆ ಇದು ಒಳ್ಳೆಯ ಸುದ್ದಿ. ಬೇರೆ ಬೇರೆ ಮೂಲದ ಸಿಹಿಯಲ್ಲಿ ಬೇರೆ ಬೇರೆ ಜೀನ್‌ಗಳು ಇರಬಹುದು; ಅವನ್ನು ಕೂಡಿಸಿದರೆ ಒಂದೇ ಮೂಲದವನ್ನು ಕೂಡಿಸಿದ್ದಕ್ಕಿಂತ ಮೇಲೆ ಹೋಗಲು ಅವಕಾಶವಿದೆ. ಮಾಗುವ ಕಾಲದ ಹರವೂ ಅಲ್ಲಿಂದಲೇ ಬರಬೇಕು. ಆದರೆ ಜೀನ್ ಬ್ಯಾಂಕಿನ ಲಕೋಟೆಯಿಂದ ರೈತನ ಕೂರಿಗೆಗೆ ಬರುವ ದಾರಿ ಉದ್ದ. ಎಷ್ಟೋ ಆಫ್ರಿಕನ್ ಮಾದರಿಗಳು ನಮ್ಮ ಹಗಲಿನ ಉದ್ದಕ್ಕೆ ಹೊಂದದೆ ಡಿಸೆಂಬರಿನವರೆಗೂ ಹೂ ಬಿಡುವುದಿಲ್ಲ. ಸುಳಿ ನೊಣಕ್ಕೆ ಸುಲಭ ತುತ್ತಾಗುತ್ತವೆ. ಕಾಳು ರೊಟ್ಟಿಗೆ ಬಾರದ ಕಹಿ ಕೆಂಪು ಕಾಳು. ತೆನೆ ಮನೆಗೆ ಬೇಕೆನ್ನುವ ರೈತ ಅದನ್ನು ಮುಟ್ಟುವುದಿಲ್ಲ, ಮುಟ್ಟಬೇಕೆಂದು ಹೇಳುವುದೂ ಸರಿಯಲ್ಲ.

ಇಬ್ರಾಹಿಂಬಾದಿನ ಪ್ರಯತ್ನ

ದಂಟು ದೂರ ಸಾಗಿಸುವ ತೊಂದರೆಗೆ ಒಂದು ಜಾಣ ಉಪಾಯ ಹೂಡಿದರು. 2008ರಲ್ಲಿ ಮೆದಕ್ ಜಿಲ್ಲೆಯದೇ ಇಬ್ರಾಹಿಂಬಾದ್ ಎಂಬ ಹಳ್ಳಿಯಲ್ಲಿ, ನಮ್ಮ ಆಲೆಮನೆಯ ಮಾದರಿಯಲ್ಲೇ ಒಂದು ಗಾಣ ಮತ್ತು ಕೊಪ್ಪರಿಗೆಗಳ ಘಟಕ ಶುರುವಾಯಿತು. ಸುತ್ತಲ ಹಳ್ಳಿಗಳ ದಂಟು ಅಲ್ಲೇ ಅರೆದು, ಅದರ ಸಿಪ್ಪೆಯನ್ನೇ ಉರಿಸಿ ರಸವನ್ನು ಜೋನಿಯಾಗುವಷ್ಟು ಕಾಯಿಸಿ ಕಾರ್ಖಾನೆಗೆ ಕಳಿಸುವುದು. ಪಾಕ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ಕಾರ್ಖಾನೆ ತನಗೆ ಬೇಕಾದಾಗ ಬಳಸಬಹುದು.

ಈ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಮೌಲ್ಯ ಹಳ್ಳಿಯಲ್ಲೇ ಉಳಿಯಲಿ ಎಂಬ ಯೋಚನೆ ಅದರಲ್ಲಿತ್ತು. ಆದರೆ ಕಟಾವಿನ ಒತ್ತಡ ಹಳ್ಳಿಯ ಗಾಣದ ಮುಂದೆಯೂ ಅದೇ ಮೂರು ನಾಲ್ಕು ವಾರಕ್ಕೆ ಬಂದು ನಿಂತಿತು. ತೆನೆ ಕೊಯ್ಯಬೇಕು, ಗರಿ ಸವರಬೇಕು, ದಂಟು ಕಡಿದು ಹೊರೆ ಕಟ್ಟಬೇಕು; ಸೋಯಾ, ಹತ್ತಿ ಬಿಡಿಸುವ ಕಾಲಕ್ಕೇ ಇದಕ್ಕೂ ಆಳು ಬೇಕು. ಪಾಕ ರಸದ ಶೇಖರಣೆಯ ಸಮಸ್ಯೆಯನ್ನು ಬಿಡಿಸಿತು, ಮಾಗುವ ಕಾಲದ ಸಮಸ್ಯೆಯನ್ನಲ್ಲ.

ದರದ ಬಿಗಿ ಮುಷ್ಟಿಯೂ ಸಡಿಲವಾಗಲಿಲ್ಲ. 2006–07ರಲ್ಲಿ ತೈಲ ಕಂಪನಿಗಳು ಲೀಟರಿಗೆ ಕೊಡುತ್ತಿದ್ದದ್ದು 21 ರೂಪಾಯಿ 50 ಪೈಸೆ. 2010ರಲ್ಲಿ ಅದು 27ಕ್ಕೆ ಏರಿತು. ಟನ್ ದಂಟಿಗೆ 600 ರೂಪಾಯಿ ಕೊಟ್ಟರೆ ಲೀಟರಿಗೆ ದಂಟಿನ ಖರ್ಚೇ 15 ರೂಪಾಯಿ. 800 ಕೊಟ್ಟರೆ 20. ಸಾಗಣೆ, ಉಗಿ, ಬಡ್ಡಿ ಎಲ್ಲ ಇನ್ನು ಮೇಲೆ. ಬರಗಾಲದ ವರ್ಷ ಕಣಿಕೆಗೆ ಇದಕ್ಕಿಂತ ಹೆಚ್ಚು ಬೆಲೆ ಬರುವ ಸೀಮೆಯಲ್ಲಿ ರೈತ ಏಕೆ ಒಪ್ಪಬೇಕು? ಟನ್ನಿಗೆ 40ರ ಬದಲು 55 ಲೀಟರ್ ಕೊಡುವ ತಳಿ ಇದ್ದಿದ್ದರೆ 800 ರೂಪಾಯಿ ಕೊಟ್ಟೂ ಲೀಟರಿಗೆ 15 ರೂಪಾಯಿಯೊಳಗೇ ಇರಬಹುದಿತ್ತು. ದರದ ಜಗಳವೆಂದು ನಾವು ಕರೆಯುವುದರಲ್ಲಿ ಒಂದು ಪಾಲು ಬ್ರಿಕ್ಸಿನ ಜಗಳ.

ಈಗ, ನಮ್ಮ ಕಡೆ

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಸಿಹಿಜೋಳವನ್ನು ಹೆಸರಿಸಿ ಎಥೆನಾಲ್ ಕಚ್ಚಾಮಾಲುಗಳ ಪಟ್ಟಿಯಲ್ಲಿ ಸೇರಿಸಿತು. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿದ್ದೂ ಆಯಿತು. ಆದರೆ ಆ ಓಟದಲ್ಲಿ ಮುಂದೆ ಬಂದದ್ದು ಕಬ್ಬು, ಅಕ್ಕಿ, ಮೆಕ್ಕೆಜೋಳ. ಮೂರೂ ನೀರನ್ನೋ ಕಾಳನ್ನೋ ಬೇಡುವಂಥವು. ಮಳೆಯ ಮೇಲೆ ನಿಂತು ಕಾಳನ್ನೂ ಬಿಟ್ಟುಕೊಡದ ಬೆಳೆ ಪಟ್ಟಿಯ ಹೆಸರಾಗಿಯೇ ಉಳಿಯಿತು.

ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳಲ್ಲಿ ಗಾಣವೂ ಡಿಸ್ಟಿಲರಿಯೂ ಈಗಾಗಲೇ ಇವೆ. ಕಬ್ಬು ಅರೆಯುವುದು ಬಹುತೇಕ ನವೆಂಬರ್‌ಗೆ ಶುರು. ಜೂನ್‌ನಲ್ಲಿ ಬಿತ್ತಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಸರದಿಯಲ್ಲಿ ಮಾಗುವ ಸಿಹಿಜೋಳಗಳ ಸಾಲು ಸಿಕ್ಕರೆ, ಆ ಆರು ವಾರ ಖಾಲಿ ನಿಂತ ಗಾಣವನ್ನು ತುಂಬಬಹುದು. ಇಲ್ಲಿ ಸಿಹಿಜೋಳ ಇಡೀ ವರ್ಷದ ಕಾರ್ಖಾನೆಯನ್ನು ಹೊರಬೇಕಿಲ್ಲ, ಆರು ವಾರವನ್ನು ಹೊತ್ತರೆ ಸಾಕು. ರುಸ್ನಿಗೆ ಇಲ್ಲದ ಅನುಕೂಲ ಇದು. ಆರು ವಾರಕ್ಕೂ ಒಂದೇ ತಳಿ ಸಾಲದು. ಕನಿಷ್ಠ ಮೂರು ಬೇಕು, ಹದಿನೈದು ದಿನಕ್ಕೊಂದರಂತೆ ಮಾಗುವವು. ಮೊದಲು ಮಾಗುವುದೇ ಕಷ್ಟದ್ದು. ಬೇಗ ಹೂ ಬಿಡುವ ಗಿಡ ಗಿಡ್ಡವಾಗಿ ಉಳಿಯುತ್ತದೆ, ಮತ್ತು ಸೆಪ್ಟೆಂಬರಿನ ಮಳೆಗೆ ಅದರ ತೆನೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಅದನ್ನು ತಡೆಯುವ ಗುಣವನ್ನೂ ಅದೇ 242ರ ಸಂಗ್ರಹದಲ್ಲಿ ಹುಡುಕಬೇಕು.

ಮಾಡಬೇಕಾದ ಪ್ರಯೋಗ ದುಬಾರಿಯದೇನಲ್ಲ. ಮಂಕು ಹಸಿರು ನಡುನರದ ತಾಯಿ ಸಾಲುಗಳು, ಬೇರೆ ಬೇರೆ ಗುಂಪಿನ ಸಿಹಿ ತಂದೆಗಳು, ಅವುಗಳ ಹೈಬ್ರಿಡ್‌ಗಳು. ಕಪ್ಪು ಮಣ್ಣಿನಲ್ಲೊಂದು ಕೆಂಪು ಮಣ್ಣಿನಲ್ಲೊಂದು ತಾಕು. ಜೂನ್ ಕೊನೆಯ ಬಿತ್ತನೆ ಮತ್ತು ಜುಲೈ ನಡುವಿನ ಬಿತ್ತನೆ. ಹೂ ಬಿಟ್ಟ ಎರಡನೇ ವಾರದಿಂದ ದಂಟು ಒಣಗುವವರೆಗೆ ಪ್ರತಿ ನಾಲ್ಕು ದಿನಕ್ಕೊಮ್ಮೆ ರಸದ ತೂಕ, ಬ್ರಿಕ್ಸ್, ತೆನೆಯ ಸ್ಥಿತಿ ಬರೆದಿಡಬೇಕು. ಗರಿಷ್ಠ ಬ್ರಿಕ್ಸ್ ಎಷ್ಟು ಎನ್ನುವುದಕ್ಕಿಂತ ಒಳ್ಳೆಯ ಬ್ರಿಕ್ಸ್ ಎಷ್ಟು ದಿನ ನಿಂತಿತು ಎಂಬ ಅಂಕಿಯನ್ನು ತಳಿ ಬಿಡುಗಡೆಯ ಅರ್ಜಿಯಲ್ಲೇ ಕೇಳಬೇಕು. ಇಳುವರಿ ಸ್ಪರ್ಧೆಯಲ್ಲಿ ಎರಡನೆಯದೋ ಮೂರನೆಯದೋ ಆಗಿ ಬಿದ್ದುಹೋಗುವ ಸಾಲು, ಬೇಗ ಮಾಗುತ್ತದೆ ಎಂಬ ಒಂದೇ ಕಾರಣಕ್ಕೆ ಕಾರ್ಖಾನೆಗೆ ಎಲ್ಲಕ್ಕಿಂತ ಬೆಲೆಬಾಳಬಹುದು. ಈಗಿನ ಬಿಡುಗಡೆಯ ಕ್ರಮದಲ್ಲಿ ಅಂಥ ಸಾಲಿಗೆ ಜಾಗವಿಲ್ಲ, ಮೊದಲು ತಿದ್ದಬೇಕಾದದ್ದು ಅದನ್ನು.